ಅತ್ತೆಗೆ ಮನೆಯಲ್ಲೇ ವೋಟು, ನನಗೆ ಪೋಸ್ಟಲ್ ಬ್ಯಾಲೆಟ್: ಇದನ್ನು ನಂಬಬಹುದಾ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ಪ್ರತಿ ಎಲೆಕ್ಷನ್‌ಗೂ ನನಗೆ ಡ್ಯೂಟಿ ಬೀಳುತ್ತದೆ. ನಮ್ಮ ಅತ್ತೆಗೆ 87 ವರ್ಷ. ಕೋಲು ಹಿಡಿದು ನಡೆಯುತ್ತಾರೆ. ಕಳೆದ ಸಲ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದು ‘ಅಜ್ಜಿ ಮನೆಯಲ್ಲೇ ವೋಟ್ ಹಾಕಬಹುದು, ಅರ್ಜಿ ಕೊಡಿ’ ಅಂದರು. ಅತ್ತೆ ಸುತರಾಂ ಒಪ್ಪಲಿಲ್ಲ. ಮೈದುನ ಸೈನ್ಯದಲ್ಲಿದ್ದಾನೆ, ಈಗ ಜಮ್ಮು ಕಡೆ ಪೋಸ್ಟಿಂಗ್. ಅವನ ವೋಟು ಬಂದು ಮುಟ್ಟುತ್ತೋ ಇಲ್ಲವೋ ನಮಗೆ ತಿಳಿಯುವುದೇ ಇಲ್ಲ. ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ‘ಪೋಸ್ಟಲ್ ವೋಟೆಲ್ಲ ಸುಮ್ನೆ, ಗೆಲುವು ಸೋಲು ಹತ್ತಿರ ಇದ್ದರೆ ಮಾತ್ರ ಎಣಿಸ್ತಾರೆ’ ಅಂತ ನಮ್ಮ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ನಿಜವಾ? ಒಟ್ಟಿನಲ್ಲಿ ಅಂಚೆ ಮತದಿಂದ ಲಾಭ ಜಾಸ್ತಿಯೋ, ಅಪಾಯ ಜಾಸ್ತಿಯೋ?

ಉತ್ತರ: ನಿಮ್ಮ ಸಹೋದ್ಯೋಗಿಯ ಮಾತಿನಿಂದಲೇ ಶುರು ಮಾಡೋಣ. ಅದು ಪೂರ್ತಿ ತಪ್ಪು. ಆದರೆ ಅವರೊಬ್ಬರೇ ಹೀಗೆ ಹೇಳುತ್ತಿಲ್ಲ. ಚುನಾವಣಾ ತರಬೇತಿಗೆ ಬರುವ ಮೇಷ್ಟ್ರುಗಳೂ ಇದನ್ನೇ ಕೇಳುತ್ತಾರೆ. ಎಣಿಕೆ ದಿನ ಬೆಳಿಗ್ಗೆ 8ಕ್ಕೆ ಮೊದಲು ಕೈಗೆತ್ತಿಕೊಳ್ಳುವುದೇ ಅಂಚೆ ಮತಗಳನ್ನು. ಇವಿಎಂ ಎಣಿಕೆ ಶುರುವಾಗುವುದು ಅದಾಗಿ ಅರ್ಧ ಗಂಟೆಗೆ. ಬೆಳಿಗ್ಗೆ ಎಂಟೂಕಾಲಿಗೇ ಟಿವಿಯವರು ‘ಆರಂಭಿಕ ಮುನ್ನಡೆ’ ಅಂತ ಕೂಗಾಡುತ್ತಾರಲ್ಲ, ಅದು ಈ ಅಂಚೆ ಮತಗಳದ್ದೇ. ಲಕೋಟೆ ಬಿಚ್ಚಿ, ಸಹಿ ನೋಡಿ, ನಂಬರ್ ತಾಳೆ ಮಾಡಿ ಎಣಿಸುವ ಕೆಲಸ ನಿಧಾನ. ಅಷ್ಟರಲ್ಲಿ ಇವಿಎಂ ಸುತ್ತುಗಳು ಓಡಿಬಿಡುತ್ತವೆ. ‘ಇದನ್ನು ಎಣಿಸೋದೇ ಇಲ್ಲ’ ಅನ್ನುವ ಭಾವನೆ ಅಲ್ಲಿಂದ ಹುಟ್ಟಿರಬೇಕು. ಈ ದೂರು ಜೋರಾದ ಮೇಲೆ ಚುನಾವಣಾ ಆಯೋಗ 2025ರ ಸೆಪ್ಟೆಂಬರ್‌ನಲ್ಲಿ ಒಂದು ಸೂಚನೆ ಕೊಟ್ಟಿತು. ಅಂಚೆ ಮತಗಳ ಎಣಿಕೆ ಮುಗಿಯುವವರೆಗೆ ಇವಿಎಂನ ಕೊನೆಯಿಂದ ಎರಡನೇ ಸುತ್ತನ್ನು ಶುರು ಮಾಡುವಂತಿಲ್ಲ.

ಅಂಚೆ ಮತ ಲೆಕ್ಕಕ್ಕಿಲ್ಲ ಅನ್ನುವವರಿಗೆ 2024ರ ಮುಂಬೈ ವಾಯವ್ಯ ಲೋಕಸಭಾ ಕ್ಷೇತ್ರದ ಫಲಿತಾಂಶ ತೋರಿಸಿ. ಇವಿಎಂ ಮತಗಳಲ್ಲಿ ಅಮೋಲ್ ಕೀರ್ತಿಕರ್ ಬರೀ ಒಂದೇ ಒಂದು ಮತದಿಂದ ಮುಂದಿದ್ದರು. ಅಂಚೆ ಮತಗಳಲ್ಲಿ ರವೀಂದ್ರ ವಾಯ್ಕರ್‌ಗೆ 1,550, ಕೀರ್ತಿಕರ್‌ಗೆ 1,501 ಬಂದವು. ವಾಯ್ಕರ್ 48 ಮತಗಳಿಂದ ಸಂಸದರಾದರು. ಒಂಬತ್ತು ಲಕ್ಷ ಇವಿಎಂ ಮತಗಳು ತೀರ್ಮಾನಿಸಲಾಗದ್ದನ್ನು ಮೂರು ಸಾವಿರ ಅಂಚೆ ಮತ ತೀರ್ಮಾನಿಸಿತು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಲಾಭವೋ ಅಪಾಯವೋ ಅಂತ. ಅಂಚೆ ಮತ ಅಂದ ಕೂಡಲೇ ನಮ್ಮ ಜನರ ತಲೆಗೆ ಬರುವುದು ಕಳ್ಳ ವೋಟು, ಯಾರೋ ಲಕೋಟೆ ಬದಲಾಯಿಸಿಬಿಡುತ್ತಾರೆ ಅನ್ನುವ ಭಯ. ನನ್ನ ಪ್ರಕಾರ ನಮ್ಮ ದೇಶದ ಮಟ್ಟಿಗೆ ಅದು ದೊಡ್ಡ ಅಪಾಯ ಅಲ್ಲ. ದೊಡ್ಡ ಅಪಾಯ ಬೇರೆ ಇದೆ. ಸಾಚಾ ಮತದಾರ, ಸಾಚಾ ಮತ, ಆದರೂ ಒಂದು ಸಹಿ ಇಲ್ಲ ಅಂತ ಕಸದಬುಟ್ಟಿಗೆ ಹೋಗುವುದು. ಮತಗಟ್ಟೆಯಲ್ಲಿ ಏನಾದರೂ ಎಡವಟ್ಟಾದರೆ ಅಲ್ಲೇ ಗೊತ್ತಾಗುತ್ತದೆ. ಬೀಪ್ ಬರಲಿಲ್ಲ ಅಂದರೆ ಕೇಳಬಹುದು, ವಿವಿಪ್ಯಾಟ್ ಚೀಟಿ ಕಣ್ಣಿಗೆ ಕಾಣುತ್ತದೆ, ಎದುರಿಗೆ ಏಜೆಂಟರು ಕೂತಿರುತ್ತಾರೆ. ಅಂಚೆ ಮತ ತಿರಸ್ಕಾರವಾದರೆ ಯಾರೂ ನಿಮಗೆ ಕಾಗದ ಬರೆಯುವುದಿಲ್ಲ. ವೋಟು ಹಾಕಿದೆ ಅಂತಲೇ ನೀವು ಐದು ವರ್ಷ ನೆಮ್ಮದಿಯಾಗಿ ಇರುತ್ತೀರಿ.

ಅತ್ತೆಯವರ ವಿಚಾರಕ್ಕೆ ಬರೋಣ. ಅವರಿಗೆ ಬಿಎಲ್‌ಒ ಹೇಳಿದ್ದು ಅಂಚೆ ಮತದ ಲೆಕ್ಕಕ್ಕೇ ಬರುತ್ತದೆ, ಆದರೆ ಅದರಲ್ಲಿ ಅಂಚೆಯಣ್ಣನಿಗೆ ಕೆಲಸವೇ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಚುನಾವಣಾ ನಿಯಮಗಳಿಗೆ ತಿದ್ದುಪಡಿ ತಂದು 80 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಈ ಅವಕಾಶ ಕೊಟ್ಟರು. ಮೊದಲು ಜಾರಿಯಾಗಿದ್ದು ಅದೇ ವರ್ಷದ ಜಾರ್ಖಂಡ್ ವಿಧಾನಸಭಾ ಚುನಾವಣೆಯ ಕೆಲವು ಕ್ಷೇತ್ರಗಳಲ್ಲಿ. ನಮ್ಮಲ್ಲಿ 2023ರ ವಿಧಾನಸಭಾ ಚುನಾವಣೆಗೆ ಬಂತು. 2024ರ ಮಾರ್ಚ್‌ನಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದರು. ಹಾಗಾಗಿ 87ರ ಅತ್ತೆ ಈಗಲೂ ಅರ್ಹರೇ. ಅಂಗವಿಕಲರಾದರೆ ವಯಸ್ಸಿನ ಮಾತಿಲ್ಲ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯದ ಪ್ರಮಾಣಪತ್ರ ಇರಬೇಕು.

ನಡೆಯುವುದು ಹೀಗೆ. ಬಿಎಲ್‌ಒ ನಮೂನೆ 12ಡಿ ಅನ್ನುವ ಅರ್ಜಿ ತಂದುಕೊಡುತ್ತಾರೆ. ಚುನಾವಣಾ ಅಧಿಸೂಚನೆ ಹೊರಟ ಐದು ದಿನದೊಳಗೆ ಅದು ಚುನಾವಣಾಧಿಕಾರಿಗೆ ಮುಟ್ಟಬೇಕು. ಅರ್ಜಿ ಒಪ್ಪಿದರೆ ಮತದಾರರ ಪಟ್ಟಿಯಲ್ಲಿ ಅತ್ತೆಯವರ ಹೆಸರಿನ ಮುಂದೆ ‘ಪಿಬಿ’ (ಪೋಸ್ಟಲ್ ಬ್ಯಾಲೆಟ್) ಅಂತ ಗುರುತು ಬೀಳುತ್ತದೆ. ಆಮೇಲೆ ಮತದಾನಕ್ಕೆ ಮೊದಲೇ ಒಂದು ದಿನ ತಂಡ ಮನೆಗೆ ಬರುತ್ತದೆ. ಮತಗಟ್ಟೆ ಸಿಬ್ಬಂದಿ, ಪೊಲೀಸ್, ವಿಡಿಯೋ ಮಾಡುವವರು ಇರುತ್ತಾರೆ. ಬರುವ ದಿನವನ್ನು ಅಭ್ಯರ್ಥಿಗಳಿಗೂ ಮೊದಲೇ ತಿಳಿಸಿರುತ್ತಾರೆ, ಅವರ ಕಡೆಯವರೂ ಬಂದು ನೋಡಬಹುದು. ರಟ್ಟಿನ ಮರೆ ಇಟ್ಟು, ಮತಪತ್ರ ಕೊಟ್ಟು, ಗುರುತು ಹಾಕಿಸಿ, ಲಕೋಟೆ ಅಂಟಿಸಿಕೊಂಡು ಹೋಗುತ್ತಾರೆ. ಮೊದಲ ಸಲ ಬಂದಾಗ ಮತದಾರರು ಇಲ್ಲದಿದ್ದರೆ ಇನ್ನೊಂದು ಸಲ ಬರುತ್ತಾರೆ. ಮೂರನೇ ಸಲ ಇಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. 12ಡಿ ಕೊಟ್ಟು ಅದು ಮಂಜೂರಾಯಿತು ಅಂದರೆ ಮತಗಟ್ಟೆಯ ಬಾಗಿಲು ಮುಚ್ಚಿತು ಅಂತಲೇ ಅರ್ಥ. ತಂಡ ಬಂದ ಎರಡೂ ದಿನ ಅತ್ತೆ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು ಅಂತಿಟ್ಟುಕೊಳ್ಳಿ. ಮತದಾನದ ದಿನ ಆರಾಮಾಗಿ ಊರಿಗೆ ಬಂದು ಬೂತ್‌ಗೆ ಹೋದರೂ ವೋಟು ಹಾಕಲು ಬಿಡುವುದಿಲ್ಲ. ‘ಎರಡೂ ಕಡೆ ಇರಲಿ, ಯಾವುದು ಅನುಕೂಲವೋ ಅದು’ ಅನ್ನುವ ಲೆಕ್ಕ ಇದರಲ್ಲಿ ನಡೆಯುವುದಿಲ್ಲ.

ಎರಡನೆಯದು ಮತದ ಗುಟ್ಟು ಉಳಿಯುವ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆ ಮತದಾನದ ಬಗ್ಗೆ ನನಗೆ ಇರುವ ದೊಡ್ಡ ತಕರಾರು ಇದೇ. ಬೂತ್‌ನಲ್ಲಿ ಮರೆಯ ಹಿಂದೆ ಹೋಗುವುದು ಅಜ್ಜಿ ಒಬ್ಬರೇ. ಮಗ ಯಾವ ಪಕ್ಷ, ಮೊಮ್ಮಗ ಯಾರ ಹಿಂದೆ ಓಡಾಡುತ್ತಾನೆ, ಅದೆಲ್ಲ ಗೇಟಿನ ಹೊರಗೇ ಉಳಿಯುತ್ತದೆ. ಮನೆಯಲ್ಲಿ ಹಾಗಲ್ಲ. ಜಗಲಿ ಮೇಲೆ ತಂಡ, ಬಾಗಿಲಲ್ಲಿ ಪೊಲೀಸ್, ಒಳಗೆ ಇಡೀ ಸಂಸಾರ. ‘ಅಮ್ಮಾ, ಮೇಲಿಂದ ಎರಡನೇದು’ ಅಂತ ಮಗ ಪ್ರೀತಿಯಿಂದಲೇ ಹೇಳುತ್ತಾನೆ. ಬೆದರಿಕೆ ಅಲ್ಲ, ಲಂಚ ಅಲ್ಲ. ಆದರೆ ಆ ಕ್ಷಣದಲ್ಲಿ ಆ ವೋಟು ಅಜ್ಜಿಯದಾಗಿ ಉಳಿಯಲಿಲ್ಲ. ಕಣ್ಣು ಕಾಣದವರು, ಕೈ ನಡುಗುವವರು ಒಬ್ಬ ವಯಸ್ಕರ ಸಹಾಯ ಪಡೆಯಬಹುದು ಅಂತ ನಿಯಮದಲ್ಲೇ ಇದೆ. ಆ ಒಬ್ಬರು ಯಾರು ಅನ್ನುವುದನ್ನು ಅತ್ತೆ ಹೇಳಬೇಕು, ಮನೆಯವರು ಅಲ್ಲ. ಇನ್ನೊಂದು ಸಂಗತಿ. ಮನೆಯಿಂದ ವೋಟು ಹಾಕುವವರ ಪಟ್ಟಿ ಅಭ್ಯರ್ಥಿಗಳ ಕೈಗೂ ಹೋಗುತ್ತದೆ. ಅದು ಪಾರದರ್ಶಕತೆಗೆ ಬೇಕು, ಸರಿ. ಆದರೆ ತಂಡ ಬರುವ ಹಿಂದಿನ ದಿನವೇ ಪಕ್ಷದ ಹುಡುಗರು ಅಜ್ಜಿಯ ಯೋಗಕ್ಷೇಮ ವಿಚಾರಿಸಲು ಬಂದರೆ ಆಶ್ಚರ್ಯಪಡಬೇಡಿ.

ಮೂರನೆಯದು ಕಾಗದದ ಕೆಲಸ. ಇದಕ್ಕೆ ಕೇರಳದ ಪೆರಿಂದಲ್ಮಣ್ಣ ಕ್ಷೇತ್ರಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗುವುದಿಲ್ಲ. 2021ರ ವಿಧಾನಸಭಾ ಚುನಾವಣೆಯಲ್ಲಿ ಮುಸ್ಲಿಂ ಲೀಗ್‌ನ ನಜೀಬ್ ಕಾಂತಪುರಂ ಅಲ್ಲಿ ಗೆದ್ದರು. ಅಂತರ 38 ಮತ. ಅದೇ ಕ್ಷೇತ್ರದಲ್ಲಿ 348 ಅಂಚೆ ಮತಗಳು ಎಣಿಕೆಗೆ ಬರಲಿಲ್ಲ. ವಯಸ್ಸಾದವರ ಮನೆಗಳಿಗೆ ಹೋಗಿ ತಂದ ಮತಗಳು ಅವು. ಸಿಬ್ಬಂದಿಯ ಸಹಿಯಂಥ ವಿವರಗಳು ಕಾಗದದಲ್ಲಿ ಸರಿಯಾಗಿಲ್ಲ ಅನ್ನುವುದು ಕಾರಣ. ಗಮನಿಸಿ, ತಪ್ಪು ಅಜ್ಜ ಅಜ್ಜಿಯರದ್ದಲ್ಲ, ಮನೆಗೆ ಬಂದವರದ್ದು. ಸೋತ ಅಭ್ಯರ್ಥಿ ಹೈಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ, 2023ರ ಜನವರಿಯಲ್ಲಿ, ಖಜಾನೆಯಲ್ಲಿ ಇರಬೇಕಿದ್ದ ಮತಪತ್ರದ ಪೆಟ್ಟಿಗೆಯೊಂದು ಮಲಪ್ಪುರಂನ ಸಹಕಾರ ಇಲಾಖೆ ಕಚೇರಿಯಲ್ಲಿ ಸಿಕ್ಕಿತು! ಕೊನೆಗೆ 2024ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅರ್ಜಿ ವಜಾ ಮಾಡಿತು, ಗೆದ್ದವರ ಗೆಲುವು ಉಳಿಯಿತು. ಆ 348 ಮತಗಳು ಲೆಕ್ಕಕ್ಕೆ ಸೇರಲೇ ಇಲ್ಲ.

ಹಾಗಂತ ಮನೆ ಮತದಾನ ಬೇಡ ಅನ್ನುವವನಲ್ಲ ನಾನು. ಹಾಸಿಗೆ ಹಿಡಿದವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ, ಮಲೆನಾಡಿನ ಒಂಟಿ ಮನೆಯಿಂದ ರಸ್ತೆಗೆ ಬರಲು ನಾಲ್ಕು ಜನ ಹೊರಬೇಕಾದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಹತ್ತಾರು ವರ್ಷ ವೋಟು ಹಾಕಿದವರು ಕಾಲು ಸೋತ ಮೇಲೆ ಪಟ್ಟಿಯಲ್ಲಿ ಬರೀ ಹೆಸರಾಗಿ ಉಳಿಯುತ್ತಿದ್ದರು. ಈಗ ಸರ್ಕಾರವೇ ಅವರ ಮನೆ ಹುಡುಕಿಕೊಂಡು ಹೋಗುತ್ತಿದೆ. ಒಬ್ಬರ ವೋಟಿಗೋಸ್ಕರ ಜೀಪಿನಲ್ಲಿ ಅರ್ಧ ದಿನ ಹೋಗಿ ಬರುವ ಸಿಬ್ಬಂದಿಯನ್ನು ನೋಡಿದರೆ ನನಗೆ ಹೆಮ್ಮೆಯೇ ಆಗುತ್ತದೆ.

ಆದರೆ ನಿಮ್ಮ ಅತ್ತೆ ಕೋಲು ಹಿಡಿದು ನಡೆಯುತ್ತಾರೆ, ಬೂತ್‌ಗೆ ಹೋಗುವ ಮನಸ್ಸೂ ಇದೆ. ಹಾಗಿದ್ದರೆ ಅವರ ಮಾತೇ ಸರಿ. ಬೂತ್‌ಗೇ ಕರೆದುಕೊಂಡು ಹೋಗಿ. ಇಳಿಜಾರು ದಾರಿ, ಗಾಲಿಕುರ್ಚಿ ಇರುತ್ತದೆ, ವಯಸ್ಸಾದವರು ಸಾಲಿನಲ್ಲಿ ನಿಲ್ಲಬೇಕಿಲ್ಲ. ಬೆಳಿಗ್ಗೆ ಏಳೂವರೆಗೆಲ್ಲ ಹೋದರೆ ಬಿಸಿಲೂ ಇಲ್ಲ. ಮುಂದೆ ಅವರಿಗೆ ನಡೆಯಲು ಆಗದೇ ಹೋದರೆ ಆಗ 12ಡಿ ಕೊಡಿ. ಕೊಟ್ಟರೆ ತಂಡ ಬರುವ ಹೊತ್ತಿಗೆ ಅತ್ತೆಯವರನ್ನು ಒಳಕೋಣೆಯಲ್ಲಿ ಕೂರಿಸಿ, ಮನೆಯವರೆಲ್ಲ ಹಿತ್ತಲಿಗೆ ಹೋಗಿ. ಅವರು ಗುರುತು ಹಾಕಿ ಲಕೋಟೆ ಅಂಟಿಸಿದ ಮೇಲೆ ನೀವು ಬಂದು ಮತಪತ್ರದ ಜೊತೆ ಕೊಡುವ ಘೋಷಣಾ ಪತ್ರದಲ್ಲಿ ಅತ್ತೆಯ ಸಹಿ ಅಥವಾ ಹೆಬ್ಬೆಟ್ಟು ಇದೆಯಾ, ಕೆಳಗೆ ಅಧಿಕಾರಿಯ ದೃಢೀಕರಣ ಇದೆಯಾ ನೋಡಿ. ಇಲ್ಲದಿದ್ದರೆ ‘ಸಾರ್, ಇಲ್ಲೊಂದು ಸಹಿ ಬಿಟ್ಟಿದೆ’ ಅಂತ ಕೇಳಲು ಸಂಕೋಚ ಬೇಡ. ಟೀಚರಮ್ಮ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ನಿಮ್ಮದೇ ವೋಟು. ಡ್ಯೂಟಿ ಮೇಲಿರುವವರಿಗೆ ಎರಡು ದಾರಿ ಇವೆ. ಎರಡನ್ನೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ. ನಿಮ್ಮ ವೋಟು ಇರುವ ಕ್ಷೇತ್ರದೊಳಗೇ ಡ್ಯೂಟಿ ಬಿದ್ದರೆ ನಮೂನೆ 12ಎ ಕೊಟ್ಟು ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ, ತೆಗೆದುಕೊಳ್ಳಿ. ಅದನ್ನು ತೋರಿಸಿ ನೀವು ಕೆಲಸ ಮಾಡುವ ಬೂತ್‌ನಲ್ಲೇ ಇವಿಎಂನಲ್ಲಿ ವೋಟು ಹಾಕಬಹುದು. ಕ್ಷೇತ್ರದ ಹೊರಗೆ ಹಾಕಿದರೆ ನಮೂನೆ 12 ಕೊಟ್ಟು ಅಂಚೆ ಮತಪತ್ರ. ಲೋಕಸಭೆಗೆ ಕ್ಷೇತ್ರ ದೊಡ್ಡದು, ಸಾಗರದವರನ್ನು ಸೊರಬಕ್ಕೋ ಶಿಕಾರಿಪುರಕ್ಕೋ ಹಾಕಿದರೂ ಶಿವಮೊಗ್ಗ ಲೋಕಸಭಾ ಕ್ಷೇತ್ರದೊಳಗೇ ಇರುತ್ತೀರಿ. ಆಗ ಇಡಿಸಿ ಸಾಕು. ವಿಧಾನಸಭೆಗೆ ಪಕ್ಕದ ತಾಲ್ಲೂಕಿಗೆ ಹೋದರೂ ಕ್ಷೇತ್ರ ಬದಲು, ಆಗ ಅಂಚೆ ಮತವೇ ಗತಿ. ಎರಡರಲ್ಲಿ ಆಯ್ಕೆ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಇಡಿಸಿ ತಗೊಳ್ಳಿ. ಲಕೋಟೆ ಇಲ್ಲ, ಘೋಷಣಾ ಪತ್ರ ಇಲ್ಲ, ತಿರಸ್ಕಾರದ ಭಯ ಇಲ್ಲ. ನಿಮ್ಮ ವೋಟು ಆ ಬೂತಿನ ನೂರಾರು ವೋಟುಗಳ ಜೊತೆ ಬೆರೆತುಹೋಗುತ್ತದೆ.

ಹಿಂದೆ ಸಿಬ್ಬಂದಿ ಅಂಚೆ ಮತಪತ್ರವನ್ನು ಮನೆಗೆ ಒಯ್ದು ಎಣಿಕೆ ದಿನ ಬೆಳಿಗ್ಗೆ 8ರೊಳಗೆ ಯಾವಾಗ ಬೇಕಾದರೂ ಮುಟ್ಟಿಸಬಹುದಿತ್ತು. ಅಂದರೆ ಖಾಲಿ ಮತಪತ್ರ ವಾರಗಟ್ಟಲೆ ಬ್ಯಾಗಿನಲ್ಲಿ ಓಡಾಡುತ್ತಿತ್ತು. ನೌಕರರ ಗುಂಪುಗಳು, ಪಕ್ಷದವರು ಕೈ ಹಾಕಲು ಇದಕ್ಕಿಂತ ಒಳ್ಳೆ ಅವಕಾಶ ಬೇಕಾ? 2019ರ ಲೋಕಸಭಾ ಚುನಾವಣೆಯಲ್ಲಿ ಕೇರಳದಲ್ಲಿ ಪೊಲೀಸರ ಅಂಚೆ ಮತಪತ್ರಗಳನ್ನು ಪೊಲೀಸ್ ಸಂಘದವರು ಒಟ್ಟುಗೂಡಿಸಿದರು ಅನ್ನುವ ಆರೋಪ ಬಂದು ಕ್ರೈಂ ಬ್ರಾಂಚ್ ತನಿಖೆಯೇ ನಡೆಯಿತು. 2023ರ ಆಗಸ್ಟ್‌ನಲ್ಲಿ ನಿಯಮ ಬದಲಾಯಿಸಿದರು. ಈಗ ಡ್ಯೂಟಿಯವರು ಮತಪತ್ರ ಪಡೆಯುವುದು, ಗುರುತು ಹಾಕುವುದು, ಪೆಟ್ಟಿಗೆಗೆ ಹಾಕುವುದು ಎಲ್ಲವೂ ಸೌಲಭ್ಯ ಕೇಂದ್ರದಲ್ಲೇ ಆಗಬೇಕು. ತರಬೇತಿ ನಡೆಯುವ ಜಾಗದಲ್ಲೇ ಸಾಮಾನ್ಯವಾಗಿ ಈ ಕೇಂದ್ರ ಇರುತ್ತದೆ. ದೃಢೀಕರಿಸುವ ಅಧಿಕಾರಿಯೂ ಅಲ್ಲೇ ಕೂತಿರುತ್ತಾರೆ. ‘ಆಮೇಲೆ ಕಳಿಸ್ತೀನಿ’ ಅನ್ನುವ ಕಥೆ ಮುಗಿಯಿತು. ಇತ್ತೀಚಿನ ಬದಲಾವಣೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು.

ಆದರೂ ತಪ್ಪು ಎಲ್ಲಿ ಆಗುತ್ತದೆ ಅಂತ ತಿಳಿಯಬೇಕಾದರೆ ಎಣಿಕೆ ಮೇಜಿನ ಹತ್ತಿರ ನಿಂತು ನೋಡಬೇಕು. ಮೇಜಿನ ಮೇಲೆ ದೊಡ್ಡ ಲಕೋಟೆಗಳ ರಾಶಿ, ಅವು 13ಸಿ. ಒಂದನ್ನು ಕತ್ತರಿಸಿದರೆ ಒಳಗೆ ಎರಡು ವಸ್ತು ಇರಬೇಕು. ಒಂದು, 13ಎ ಅನ್ನುವ ಘೋಷಣಾ ಪತ್ರ. ಇನ್ನೊಂದು, ಅಂಟಿಸಿದ ಚಿಕ್ಕ ಲಕೋಟೆ 13ಬಿ. ಮತಪತ್ರ ಇರುವುದು ಆ ಚಿಕ್ಕದರೊಳಗೆ. ಅಧಿಕಾರಿ ಮೊದಲು ಘೋಷಣಾ ಪತ್ರ ನೋಡುತ್ತಾರೆ. ಸಹಿ ಇದೆಯಾ, ದೃಢೀಕರಣ ಇದೆಯಾ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ ಚಿಕ್ಕ ಲಕೋಟೆಯ ಮೇಲಿನ ಸಂಖ್ಯೆಗೆ ಹೊಂದುತ್ತದಾ? ಒಂದು ತಪ್ಪಿದರೂ ಚಿಕ್ಕ ಲಕೋಟೆಯನ್ನು ಬಿಚ್ಚದೇ ಪಕ್ಕಕ್ಕೆ ಇಡುತ್ತಾರೆ. ಯಾರಿಗೆ ವೋಟು ಹಾಕಿದ್ದಾರೆ ಅಂತ ಯಾರೂ ನೋಡುವುದೇ ಇಲ್ಲ. ಎಲ್ಲಕ್ಕಿಂತ ಬೇಸರ ಆಗುವುದು ಒಂದು ತಪ್ಪಿಗೆ. ಜೋಪಾನವಾಗಿರಲಿ ಅಂತ ಘೋಷಣಾ ಪತ್ರವನ್ನೂ ಮತಪತ್ರದ ಜೊತೆ ಚಿಕ್ಕ ಲಕೋಟೆಯೊಳಗೇ ಮಡಚಿ ಅಂಟಿಸಿರುತ್ತಾರೆ. ದೊಡ್ಡದರಲ್ಲಿ ಘೋಷಣಾ ಪತ್ರ ಕಾಣಲಿಲ್ಲ, ಚಿಕ್ಕದನ್ನು ಬಿಚ್ಚುವಂತಿಲ್ಲ, ಮತ ಹೋಯಿತು.

ಮತಪತ್ರದ ಮೇಲೆ ಸಹಿ ಹಾಕುವವರೂ ಇದ್ದಾರೆ. ಸರ್ಕಾರಿ ನೌಕರರಿಗೆ ಕಾಗದ ಕಂಡರೆ ಸಹಿ ಹಾಕುವ ಅಭ್ಯಾಸ ಅಲ್ವಾ! ಮತದಾರ ಯಾರು ಅಂತ ಗುರುತು ಸಿಗುವ ಯಾವ ಬರಹ ಇದ್ದರೂ ಆ ಮತ ಅಸಿಂಧು. ಟಿಕ್ ಆಗಲಿ, ಕ್ರಾಸ್ ಆಗಲಿ, ಒಬ್ಬರ ಹೆಸರಿನ ಎದುರು ಸ್ಪಷ್ಟವಾಗಿ ಹಾಕಿದರೆ ಸಾಕು. ಗುರುತು ಸ್ವಲ್ಪ ಮಸುಕಾಗಿದೆ, ಎರಡು ಸಲ ಗೀಚಿದೆ ಅನ್ನುವ ಕಾರಣಕ್ಕೆ ತಿರಸ್ಕರಿಸುವುದಿಲ್ಲ, ಯಾರಿಗೆ ಅನ್ನುವುದು ತಿಳಿದರೆ ಆಯಿತು.

‘ನಮ್ಮ ವೋಟು ಯಾರಿಗೆ ಅಂತ ಆಫೀಸಿನವರಿಗೆ ಗೊತ್ತಾಗುತ್ತದೆ’ ಅನ್ನುವ ಭಯ ನೌಕರರಲ್ಲಿ ಹಳೆಯದು. ಘೋಷಣಾ ಪತ್ರದಲ್ಲಿ ಹೆಸರು ಇರುತ್ತದೆ, ಅದು ನಿಜ. ಆದರೆ ಒಂದು ಚಿಕ್ಕ ಲಕೋಟೆಯನ್ನೂ ಬಿಚ್ಚುವ ಮುಂಚೆ ಸರಿಯಿರುವ ಎಲ್ಲ ಘೋಷಣಾ ಪತ್ರಗಳನ್ನೂ ಬೇರೆ ಪೊಟ್ಟಣ ಕಟ್ಟಿ ಸೀಲ್ ಮಾಡಬೇಕು ಅಂತ ನಿಯಮವೇ ಇದೆ. ಮತಪತ್ರಗಳು ಹೊರಬರುವ ಹೊತ್ತಿಗೆ ಹೆಸರುಗಳು ಮೇಜಿನ ಮೇಲೆ ಇರುವುದಿಲ್ಲ.

ಸಾಲು ಸಾಲು ಮತಗಳು ಹೀಗೆ ತಿರಸ್ಕಾರವಾದರೆ ಏನಾಗುತ್ತದೆ ಅನ್ನುವುದಕ್ಕೆ ಗುಜರಾತಿನ ಧೋಲ್ಕಾ ಇದೆ. 2017ರಲ್ಲಿ ಬಿಜೆಪಿಯ ಭೂಪೇಂದ್ರಸಿಂಹ ಚುಡಾಸಮಾ ಅಲ್ಲಿ 327 ಮತಗಳಿಂದ ಗೆದ್ದು ಕಾನೂನು ಸಚಿವರಾದರು. ಚುನಾವಣಾಧಿಕಾರಿ 429 ಅಂಚೆ ಮತಗಳನ್ನು ತಿರಸ್ಕರಿಸಿದ್ದರು. ಅದು ಅಕ್ರಮ ಅಂತ 2020ರ ಮೇ ತಿಂಗಳಲ್ಲಿ ಗುಜರಾತ್ ಹೈಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಗೆದ್ದಿದ್ದು ಬರೀ 16 ಮತಗಳಿಂದ. ತಿರಸ್ಕರಿಸಿದ್ದ ಅಂಚೆ ಮತಗಳ ಮರುಪರಿಶೀಲನೆಯ ಜಗಳದಲ್ಲೇ ರಾತ್ರಿ ಕಳೆಯಿತು. ಅದೇ ಚುನಾವಣೆಯಲ್ಲಿ ನಿಮ್ಮ ಪಕ್ಕದ ಶೃಂಗೇರಿಯಲ್ಲಿ ಅಂತರ 201, ಅಲ್ಲಿಯ ಅಂಚೆ ಮತಗಳ ತಕರಾರೂ ಹೈಕೋರ್ಟ್ ಮೆಟ್ಟಿಲು ಹತ್ತಿತು. ಗೆಲುವಿನ ಅಂತರಕ್ಕಿಂತ ತಿರಸ್ಕೃತ ಅಂಚೆ ಮತಗಳು ಜಾಸ್ತಿ ಇದ್ದರೆ ಫಲಿತಾಂಶ ಘೋಷಿಸುವ ಮುಂಚೆ ಅವನ್ನೆಲ್ಲ ಮತ್ತೊಮ್ಮೆ ನೋಡಲೇಬೇಕು ಅನ್ನುವ ಸೂಚನೆ ಆಯೋಗದಿಂದ ಇದೆ. ನಿಮ್ಮ ಸಹೋದ್ಯೋಗಿ ಬಹುಶಃ ಇದನ್ನೇ ಅರ್ಧಂಬರ್ಧ ಕೇಳಿಸಿಕೊಂಡು ‘ಹತ್ತಿರ ಇದ್ದರೆ ಮಾತ್ರ ಎಣಿಸ್ತಾರೆ’ ಅಂದಿರಬೇಕು.

ಮೈದುನನ ವಿಷಯ. ಸೈನಿಕರಿಗೆ ಮತಪತ್ರ ಈಗ ಆನ್‌ಲೈನ್‌ನಲ್ಲಿ ಹೋಗುತ್ತದೆ, ವಾಪಸ್ ಬರುವುದು ಮಾತ್ರ ಅಂಚೆಯಲ್ಲೇ. ಇಟಿಪಿಬಿಎಸ್ ಅಂತ ಅದರ ಹೆಸರು, 2016ರಲ್ಲಿ ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ ಶುರುವಾಯಿತು. ಒಟಿಪಿ, ಪಿನ್ ಹಾಕಿ ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆದು, ಗುರುತು ಹಾಕಿ, ಮೇಲಧಿಕಾರಿಯಿಂದ ಘೋಷಣಾ ಪತ್ರ ದೃಢೀಕರಿಸಿ ಪೋಸ್ಟ್ ಮಾಡಬೇಕು. ಅಂಚೆ ಚೀಟಿ ಬೇಕಿಲ್ಲ. ಎಣಿಕೆ ದಿನ ಲಕೋಟೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತಾಳೆ ನೋಡುತ್ತಾರೆ. ಹೋಗುವ ದಾರಿ ಸೆಕೆಂಡಿನದು, ಬರುವ ದಾರಿ ವಾರದ್ದು. ಅಪಾಯ ಅಲ್ಲೇ ಇರುವುದು.

2023ರ ದಿನಾಂಕಗಳನ್ನೇ ನೋಡಿ. ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ ಏಪ್ರಿಲ್ 24. ಅದು ಮುಗಿಯದೇ ಮತಪತ್ರ ತಯಾರಾಗುವುದಿಲ್ಲ. ಎಣಿಕೆ ಮೇ 13. ನಡುವೆ ಮೂರು ವಾರವೂ ಇಲ್ಲ. ಇಷ್ಟರಲ್ಲಿ ಅವನಿಗೆ ನೆಟ್‌ವರ್ಕ್ ಸಿಗಬೇಕು, ಪ್ರಿಂಟರ್ ಸಿಗಬೇಕು, ಮೇಲಧಿಕಾರಿ ಸಿಗಬೇಕು, ಆಮೇಲೆ ಜಮ್ಮುವಿನಿಂದ ಸಾಗರಕ್ಕೆ ಲಕೋಟೆ ಬರಬೇಕು. ಎಣಿಕೆ ದಿನ ಬೆಳಿಗ್ಗೆ 8 ಗಂಟೆ ಆದ ಮೇಲೆ ಬಂದ ಲಕೋಟೆಗೆ ಬೆಲೆಯಿಲ್ಲ. 2024ರ ಲೋಕಸಭೆಗೆ ಹಾಗಿರಲಿಲ್ಲ, ದೇಶದಲ್ಲಿ ಏಳು ಹಂತ ಇದ್ದಿದ್ದರಿಂದ ನಿಮ್ಮ ಕಡೆಯ ಮತಗಳಿಗೆ ಆರು ವಾರ ಸಿಕ್ಕಿತು. ಅಂದರೆ ಸೈನಿಕನ ವೋಟು ಎಣಿಕೆಗೆ ಸೇರುವುದು ಎಷ್ಟೋ ಸಲ ಚುನಾವಣಾ ವೇಳಾಪಟ್ಟಿಯ ಮೇಲೆ ನಿಂತಿರುತ್ತದೆ.

ಅವನಿಗೆ ಇನ್ನೊಂದು ದಾರಿ ಇದೆ, ಸೈನಿಕರ ಮನೆಗಳಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. 2003ರ ತಿದ್ದುಪಡಿಯಿಂದ ಸೈನ್ಯದವರು ಊರಿನಲ್ಲಿ ಒಬ್ಬರನ್ನು ತಮ್ಮ ಪ್ರಾಕ್ಸಿಯಾಗಿ ನೇಮಿಸಬಹುದು. ನಮೂನೆ 13ಎಫ್ ತುಂಬಿ, ಮೇಲಧಿಕಾರಿಯ ಎದುರು (ರಜೆಗೆ ಊರಿಗೆ ಬಂದಿದ್ದರೆ ನೋಟರಿ ಎದುರು) ಸಹಿ ಮಾಡಿ, ಚುನಾವಣಾಧಿಕಾರಿಗೆ ಕಳಿಸಬೇಕು. ಆ ವ್ಯಕ್ತಿ ಅದೇ ಕ್ಷೇತ್ರದ ವಾಸಿಯಾಗಿರಬೇಕು. ಅವರು ತಮ್ಮ ವೋಟಿನ ಜೊತೆಗೆ ಸೈನಿಕನ ವೋಟನ್ನೂ ಬೂತ್‌ನಲ್ಲೇ ಹಾಕುತ್ತಾರೆ. ಆ ವೋಟಿಗೆ ಶಾಯಿ ಹಚ್ಚುವುದು ಎಡಗೈಯ ನಡುಬೆರಳಿಗೆ. ಒಮ್ಮೆ ನೇಮಿಸಿದರೆ ರದ್ದು ಮಾಡುವವರೆಗೆ ನಡೆಯುತ್ತದೆ. ತಡವಾಗುವ ಭಯ, ಲಕೋಟೆ ತಪ್ಪಾಗುವ ಭಯ ಎರಡೂ ಹೋಯಿತು. ಆದರೆ ಗುಟ್ಟು? ಅದೂ ಹೋಯಿತು. ಅವನು ಹೇಳಿದವರಿಗೇ ನೀವು ಹಾಕಿದಿರಾ ಅಂತ ಅವನು ನಂಬಬೇಕು ಅಷ್ಟೆ. ಅಣ್ಣನ ಮೇಲೆ, ಅತ್ತಿಗೆಯ ಮೇಲೆ ಅಷ್ಟು ನಂಬಿಕೆ ಇದ್ದರೆ ದೂರದ ಪೋಸ್ಟಿಂಗ್ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅವನ ಹೆಂಡತಿ ಜೊತೆಯಲ್ಲೇ ಇದ್ದರೆ ಆಕೆಯೂ ಸೇವಾ ಮತದಾರಳಾಗಬಹುದು, ಅಂದರೆ ಸೈನಿಕರಿಗಿರುವ ಅಂಚೆ ಮತದ ಸೌಲಭ್ಯ ಆಕೆಗೂ ಸಿಗುತ್ತದೆ. ಮೊದಲು ಕಾನೂನಿನಲ್ಲಿ ‘ಹೆಂಡತಿ’ ಅಂತ ಮಾತ್ರ ಇತ್ತು, ಸೈನ್ಯದಲ್ಲಿರುವ ಹೆಣ್ಣುಮಕ್ಕಳ ಗಂಡಂದಿರಿಗೆ ಈ ಸೌಲಭ್ಯ ಇರಲಿಲ್ಲ. 2021ರಲ್ಲಿ ಅದನ್ನು ಸರಿ ಮಾಡಿದರು.

ಮಗನಿಗೆ ಸದ್ಯಕ್ಕೆ ಇಲ್ಲಿಗೆ ಬಂದೇ ವೋಟು ಹಾಕಬೇಕು. ವಿದೇಶದಲ್ಲಿ ಓದುವವರೂ ನಮೂನೆ 6ಎ ಕೊಟ್ಟು ಸಾಗರೋತ್ತರ ಮತದಾರರಾಗಬಹುದು, ಆದರೆ ಪಾಸ್‌ಪೋರ್ಟ್ ಹಿಡಿದು ಊರಿನ ಬೂತ್‌ಗೆ ಬರಬೇಕು. ಅವರಿಗೂ ಪ್ರಾಕ್ಸಿ ಕೊಡುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಒಪ್ಪಿತ್ತು, ಮುಂದೆ ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು. ಇಟಿಪಿಬಿಎಸ್ ಅನ್ನು ಅವರಿಗೂ ಕೊಡಬಹುದು ಅಂತ 2020ರಲ್ಲಿ ಆಯೋಗ ಕಾನೂನು ಸಚಿವಾಲಯಕ್ಕೆ ಬರೆಯಿತು. ತಮಾಷೆ ನೋಡಿ, ಲಂಡನ್ನಿನಲ್ಲಿ ನೆಲೆಸಿದ ನಮ್ಮ ಕನ್ನಡಿಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ ಸಂಸತ್ತಿಗೆ ಅಂಚೆಯಲ್ಲಿ ವೋಟು ಹಾಕಬಹುದು, ಕಾಮನ್‌ವೆಲ್ತ್ ಪ್ರಜೆ ಅನ್ನುವ ಕಾರಣಕ್ಕೆ. ಸಾಗರಕ್ಕೆ ಹಾಕಲು ಆಗುವುದಿಲ್ಲ.

ಎಲ್ಲರಿಗೂ ಅಂಚೆ ಮತ ಯಾಕೆ ಕೊಡಬಾರದು ಅಂತ ನೀವು ಕೇಳಿಲ್ಲ, ಆದರೂ ಎರಡು ಮಾತು. ಬ್ರಿಟನ್ನಿನಲ್ಲಿ ಕೇಳಿದವರಿಗೆಲ್ಲ ಕೊಡುತ್ತಾರೆ. 2004ರ ಬರ್ಮಿಂಗ್‌ಹ್ಯಾಮ್ ಸ್ಥಳೀಯ ಚುನಾವಣೆಯಲ್ಲಿ ಅಂಚೆ ಮತಗಳ ಮೋಸ ಎಷ್ಟಿತ್ತೆಂದರೆ ಮರುವರ್ಷ ನ್ಯಾಯಾಧೀಶರು ಎರಡು ವಾರ್ಡ್‌ಗಳ ಫಲಿತಾಂಶವನ್ನೇ ರದ್ದು ಮಾಡಿದರು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 2018ರಲ್ಲಿ ಒಂದು ಸಂಸತ್ ಕ್ಷೇತ್ರಕ್ಕೆ ಇದೇ ಕಾರಣಕ್ಕೆ ಮತ್ತೆ ಚುನಾವಣೆ ಮಾಡಬೇಕಾಯಿತು. ಫ್ರಾನ್ಸ್ 1975ರಲ್ಲೇ ಅಂಚೆ ಮತ ನಿಲ್ಲಿಸಿ ಪ್ರಾಕ್ಸಿಗೆ ಹೋಯಿತು. ಇನ್ನೊಂದು ಕಡೆ ಅಮೆರಿಕದ್ದೇ ಆರೆಗಾನ್ ರಾಜ್ಯದಲ್ಲಿ ದಶಕಗಳಿಂದ ಎಲ್ಲರೂ ಅಂಚೆಯಲ್ಲೇ ಹಾಕುತ್ತಾರೆ, ಚೆನ್ನಾಗಿಯೇ ನಡೆಯುತ್ತಿದೆ. ನಮ್ಮಲ್ಲಿ ಈ ಮೋಸ ಕಡಿಮೆ ಇರುವುದಕ್ಕೆ ಕಾರಣ ನಾವು ಪ್ರಾಮಾಣಿಕರು ಅಂತಲ್ಲ, ಅಂಚೆ ಮತ ಸಿಗುವವರು ಕಡಿಮೆ ಅಂತ. ಒಂದೊಂದು ಮನೆಯಲ್ಲಿ ಆರು ಖಾಲಿ ಮತಪತ್ರ ಹದಿನೈದು ದಿನ ಕೂತರೆ ನಮ್ಮ ಪಕ್ಷಗಳ ಹುಡುಗರು ಸುಮ್ಮನೆ ಇರುತ್ತಾರಾ, ನೀವೇ ಹೇಳಿ.

ಇಷ್ಟೆಲ್ಲ ಹೇಳಿದ್ದು ಲೋಕಸಭೆ, ವಿಧಾನಸಭೆ ಚುನಾವಣೆಗೆ. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ನಿಯಮ ಬೇರೆ. ಅಲ್ಲಿ 12ಡಿ ಹಿಡಿದು ಕಾಯಬೇಡಿ, ತಾಲ್ಲೂಕು ಕಚೇರಿಯಲ್ಲೇ ಕೇಳಿ. ಅತ್ತೆಯವರಿಗೆ 12ಡಿ ಬೇಕಾದ ಕಾಲ ಬಂದು ಬಿಎಲ್‌ಒ ಕಾಣದೇ ಇದ್ದರೆ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಐದು ದಿನದ ಗಡುವು ಅಧಿಸೂಚನೆಯ ದಿನದಿಂದ, ಚುನಾವಣೆ ಘೋಷಣೆಯ ಪತ್ರಿಕಾಗೋಷ್ಠಿಯ ದಿನದಿಂದಲ್ಲ. ಅರ್ಜಿ ಕೊಟ್ಟಾಗ ಸ್ವೀಕೃತಿ ಇಸ್ಕೊಂಡು ಅತ್ತೆಯವರ ಎಪಿಕ್ (ವೋಟರ್ ಐಡಿ) ಕಾರ್ಡಿನ ಜೊತೆಗೇ ಇಟ್ಟಿರಿ. ಮೈದುನನಿಗೆ 13ಎಫ್ ಕಳಿಸುವುದಾದರೆ ಚುನಾವಣೆ ಘೋಷಣೆಗೆ ಕಾಯಬೇಡಿ, ಮುಂದಿನ ರಜೆಗೆ ಬಂದಾಗಲೇ ಇಲ್ಲಿಯ ನೋಟರಿ ಎದುರು ಸಹಿ ಮಾಡಿಸಿ ಕೊಟ್ಟುಬಿಡಬಹುದು.